ನನಗಿಂತ ಮೊದಲು ಅತ್ತೆ ಹೋಗಿ ಕೂತ ಮನೆ

ನಾನು ಕೇಳಿಕೊಂಡಿದ್ದ ವರ್ಗಾವಣೆಯ ಆದೇಶ ಕೈಗೆ ಬಂದಾಗ ನನಗೆ ಏಳನೆಯ ತಿಂಗಳು ನಡೆದಿತ್ತು. ಹಾನಗಲ್ಲಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಏಳು ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೆ. ನನ್ನ ಗಂಡ ಶಿಗ್ಗಾಂವಿಯಲ್ಲಿ ಲೈನ್‌ಮನ್. ಮದುವೆಯಾದ ಮೇಲೆ ಎರಡು ವರ್ಷ ನಾವು ವಾರಕ್ಕೊಮ್ಮೆ ಮುಖ ನೋಡುವ ಗಂಡ ಹೆಂಡತಿಯಾಗಿಯೇ ಕಳೆದಿದ್ದೆವು. ಶನಿವಾರ ಸಂಜೆ ಅವರು ಹಾನಗಲ್ಲಿನ ನನ್ನ ಬಾಡಿಗೆ ಮನೆಗೆ ಬರುವುದು, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುವುದು. ಗಾಳಿ ಮಳೆಗೆ ಎಲ್ಲಾದರೂ ತಂತಿ ಹರಿದು ಬಿತ್ತೆಂದರೆ ಅದೂ ಇಲ್ಲ. ಹಾಗಾಗಿ ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ನನ್ನ ವರ್ಗವಾಗಿದೆ ಎಂದು ಗೊತ್ತಾದಾಗ ಶಾಲೆಯಲ್ಲೇ ಕಣ್ಣಲ್ಲಿ ನೀರು ಬಂತು. ಸವಣೂರಿನಲ್ಲಿ ಮನೆ ಹಿಡಿದರೆ ಅವರು ಅತ್ತ ಶಿಗ್ಗಾಂವಿಗೆ, ನಾನು ಇತ್ತ ಹತ್ತಿಮತ್ತೂರಿಗೆ ಹೋಗಿ, ಸಂಜೆ ಇಬ್ಬರೂ ಒಂದೇ ಮನೆಗೆ ಬರಬಹುದಿತ್ತು.

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ನನ್ನ ತವರು ಹಿರೇಕೆರೂರು. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾಣಂತನಕ್ಕೆ ತವರಿಗೆ ಕಳಿಸುವ ಮಾತೇ ಇರಲಿಲ್ಲವಾದ್ದರಿಂದ, ಮಾವ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಅತ್ತೆ ಐದನೆಯ ತಿಂಗಳಿಗೇ ತಮ್ಮ ಊರಾದ ಹಿರೇಬೆಂಡಿಗೇರಿಯಿಂದ ಒಂದು ಟ್ರಂಕು ಹಿಡಿದು ಬಂದು ನನ್ನ ಜೊತೆ ಉಳಿದಿದ್ದರು. ಕಡಿಮೆ ಮಾತಿನ ಹೆಂಗಸು. ಕೆಲಸ ಮಾಡಿದ್ದನ್ನು ಹೇಳಿಕೊಳ್ಳುವ ಚಟವೂ ಇಲ್ಲ. ಅವರು ಬಂದ ದಿನದಿಂದ ನಾನು ಒಂದು ತಂಬಿಗೆಗಿಂತ ಹೆಚ್ಚು ನೀರು ಎತ್ತಿರಲಿಲ್ಲ ಎಂಬುದು ನನಗೇ ಎಷ್ಟೋ ದಿನದ ಮೇಲೆ ಹೊಳೆದಿತ್ತು.

ಅವರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ನನ್ನ ಮಾತು ಕೇಳಿ ಮುಖ ಅರಳಿತು. "ಚಲೋ ಆತು ಬಿಡವಾ," ಎಂದರು. ಆಮೇಲೆ ಕೈ ನಿಂತಿತು.

"ಆದ್ರ ಬಸರಿದ್ದಾಗ ಮನಿ ಬದಲಿ ಮಾಡಬಾರದು."

"ಯಾಕ್ರಿ ಅತ್ತಿ?"

"ಮಾಡಬಾರದು ಅಂತಾರ," ಎಂದಷ್ಟೇ ಹೇಳಿ ಮತ್ತೆ ಅಕ್ಕಿಯ ಕಡೆ ಬಗ್ಗಿದರು.

ಅದೇ ಸಂಜೆ ನಾದಿನಿಯ ಫೋನು ಬಂತು. ಅವಳು ನನ್ನ ಗಂಡನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಹುಬ್ಬಳ್ಳಿಯಲ್ಲಿ ಗಂಡನ ಬಟ್ಟೆ ಅಂಗಡಿಯಲ್ಲಿ ಕೂರುತ್ತಾಳೆ. ಅಣ್ಣನಿಂದ ಸುದ್ದಿ ಕೇಳಿ ಗಾಬರಿಯಾಗಿದ್ದಳು. ಫೋನು ಇಟ್ಟ ಮೇಲೆ ಒಂದರ ಹಿಂದೆ ಒಂದು ಮೂರು ವಿಡಿಯೋ ಕಳಿಸಿದಳು. ಎಲ್ಲವೂ ಫೆಂಗ್ ಶುಯಿಯವು. ಚೀನಾದವರ ವಾಸ್ತು ಎಂದು ವಿಡಿಯೋದ ಹೆಂಗಸು ಶುರುವಿನಲ್ಲೇ ಹೇಳಿದಳು. ಬಸುರಿಯ ಮನೆಯಲ್ಲಿ ಕೂಸಿನ ಜೀವ ಬರೀ ಹೊಟ್ಟೆಯಲ್ಲಿ ಇರುವುದಿಲ್ಲವಂತೆ. ಇಂದು ಬಾಗಿಲಲ್ಲಿ, ನಾಳೆ ಒಲೆಯ ಹತ್ತಿರ, ನಾಡಿದ್ದು ಮಂಚದ ಕೆಳಗೆ, ಹೀಗೆ ಮನೆಯ ತುಂಬ ಓಡಾಡಿಕೊಂಡಿರುತ್ತದಂತೆ. ಅದಕ್ಕೇ ಮಂಚ ಸರಿಸಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ಮನೆಯನ್ನಂತೂ ಬದಲಿಸಲೇಬಾರದು. ಬದಲಿಸದೆ ಗತಿಯೇ ಇಲ್ಲವೆಂದರೆ ಹೊಸ ಕಸಬರಿಗೆ ತಂದು ಒಂದೊಂದೇ ಸಾಮಾನನ್ನು ಮೆಲ್ಲಗೆ ಗುಡಿಸಿ, ಜೀವಕ್ಕೆ ಸುಳಿವು ಕೊಟ್ಟು, ಆಮೇಲೆ ಎತ್ತಬೇಕು. ಬಸುರಿ ಮಾತ್ರ ಆ ಹೊತ್ತಿನಲ್ಲಿ ಅಲ್ಲಿರಕೂಡದು.

ನನಗೆ ಸಿಟ್ಟು ಬಂತು. ಬೆಳಿಗ್ಗೆ ಗರ್ಭಕೋಶದ ಚಿತ್ರ ಬರೆದು ಪಾಠ ಹೇಳಿ ಬಂದವಳು ನಾನು. "ಅತ್ತಿ, ಕೂಸು ಹೊಟ್ಟ್ಯಾಗ ಇರತೈತ್ರಿ. ಒಲಿ ಹಂತ್ಯಾಕ ಹೋಗಿ ಏನ ಮಾಡತೈತಿ?" ಎಂದು ದನಿ ಏರಿಸಿಯೇ ಕೇಳಿದೆ. ಹೊಸ ಶಾಲೆಗೆ ಹಾಜರಾಗಲು ಉಳಿದದ್ದು ಕೆಲವೇ ದಿನ. ಈಗ ಬಿಟ್ಟರೆ ಇಂಥ ಅವಕಾಶ ಮತ್ತೆ ಯಾವಾಗಲೋ.

ಅತ್ತೆ ವಾದಕ್ಕೆ ಇಳಿಯಲಿಲ್ಲ. ವಿಡಿಯೋವನ್ನು ಎರಡನೆಯ ಸಲ ಹಾಕು ಎಂದರು. ಗಮನವಿಟ್ಟು ನೋಡಿದರು. ನೋಡಿ ಮುಗಿಸಿ, "ಚೀನಾದಾಗೂ ಅತ್ತಿ ಸೊಸಿ ಇರತಾರ ಹಂಗಾರ," ಎಂದು ಎದ್ದು ಹೋದರು.

ಮರುದಿನ ರಜೆ ಹಾಕಿ ಬಂದ ಮಗನನ್ನು ಕೂರಿಸಿಕೊಂಡು ಅತ್ತೆ ತಮ್ಮ ತೀರ್ಮಾನ ಹೇಳಿದರು. "ನೋಡಪಾ, ಆಕಿ ಮನಿ ಬದಲಿ ಮಾಡೂದಿಲ್ಲ. ನಾ ಮಾಡ್ತೇನಿ. ಸವಣೂರಾಗ ಮನಿ ನನಗ ಹಿಡಿ. ನಾ ಮೊದಲ ಹೋಗಿ ಹಾಲ ಉಕ್ಕಿಸಿ ಕುಂದರತೇನಿ. ಆಕಿ ನನ್ನ ಮನಿಗೆ ಬಂದು ಇರ್ತಾಳ. ಅತ್ತಿ ಮನಿಗೆ ಸೊಸಿ ಬರಬಾರದು ಅಂತ ಯಾವ ಶಾಸ್ತ್ರದಾಗೂ ಇಲ್ಲ."

ನನ್ನ ಗಂಡ ನಕ್ಕುಬಿಟ್ಟರು. ನಾನೂ ನಕ್ಕೆ. ನಂಬಿಕೆಯನ್ನೂ ಬಿಡದೆ, ಸೊಸೆಯ ನೌಕರಿಯನ್ನೂ ಕೆಡಿಸದೆ ಮುದುಕಿ ಒಳ್ಳೆಯ ಉಪಾಯ ತೆಗೆದಳು ಎಂದು ಆಗ ಅಷ್ಟೇ ತಿಳಿದಿದ್ದೆ. ಅವರು ಮಾತ್ರ ನಗಲಿಲ್ಲ.

ಸವಣೂರಿನಲ್ಲಿ ನಮಗೆ ಸಿಕ್ಕ ಮನೆ, ವೀಳ್ಯದೆಲೆ ವ್ಯಾಪಾರ ಮಾಡುವ ಒಂದು ಮುಸಲ್ಮಾನ ಕುಟುಂಬದ್ದು. ಮುಂದಿನ ಅರ್ಧ ಬಾಡಿಗೆಗೆ, ಹಿಂದಿನ ಅರ್ಧದಲ್ಲಿ ಅವರ ವಾಸ. ಮನೆಯೊಡತಿಗೆ ಅತ್ತೆಯಷ್ಟೇ ವಯಸ್ಸು. ನಾನು ಆಮೇಲೆ ಅವರನ್ನು, ಚಿಕ್ಕಮ್ಮ ಎನ್ನುವ ಹಾಗೆ, ಖಾಲಾ ಎಂದೇ ಕರೆಯತೊಡಗಿದೆ. ಬಾಡಿಗೆ ಕಾಗದದ ದಿನ ನಾನು ಅಲ್ಲಿರಲಿಲ್ಲ, ಗಂಡ ಬಂದು ಹೇಳಿದ್ದು. ಕಾಗದ ತಮ್ಮ ಹೆಸರಿಗೇ ಆಗಬೇಕೆಂದು ಅತ್ತೆ ಹಟ ಹಿಡಿದರಂತೆ. ಖಾಲಾ ಅಂಗೈಯಲ್ಲಿ ಎಲೆ ಜೋಡಿಸುವುದನ್ನು ನಿಲ್ಲಿಸಿ ಕೇಳಿದರಂತೆ: "ಅಕ್ಕಾರ, ಮಗ ನೌಕರಿ ಮಾಡ್ತಾನ, ಬಹೂ ನೌಕರಿ ಮಾಡ್ತಾಳ. ಕಾಗದ ನಿಮ್ಮ ಹೆಸರಲೆ ಯಾಕ್ರಿ?"

"ಬಸರಿ ಹೆಣ್ಮಗಳು ಮನಿ ಬದಲಿ ಮಾಡಬಾರದಲ್ರಿ ಬೀಬಿಯವರ. ಅದಕ್ಕ ಮನಿ ನಂದು."

ಖಾಲಾ ಅತ್ತೆಯ ಮುಖವನ್ನೊಮ್ಮೆ ನೋಡಿದರಂತೆ. ಆಮೇಲೆ ಒಳಗಿದ್ದ ತಮ್ಮ ಹಿರಿಯ ಮಗನನ್ನು ಕರೆದು, "ಹೆಸರ ತಿದ್ದೋ. ಅಕ್ಕಾರ ಹೆಸರ ಬರಿ," ಎಂದರಂತೆ. ಅತ್ತೆಗೆ ಓದು ಬರಹ ಇಲ್ಲ, ಹೆಸರು ಬರೆಯಲು ಮಾತ್ರ ಮಗಳಿಂದ ಕಲಿತಿದ್ದರು. ಮೂರು ಕಡೆ ನಿಧಾನವಾಗಿ ಸಹಿ ಮಾಡಿದರಂತೆ. ಕೊನೆಯ ಸಹಿಯಲ್ಲಿ ಒಂದು ಅಕ್ಷರ ತಪ್ಪಿತೆಂದು ತಾವೇ ಗುರುತಿಸಿ ಮತ್ತೊಮ್ಮೆ ಬರೆದರಂತೆ.

ಸಾಮಾನು ಕಟ್ಟುವ ಎರಡು ದಿನ ನನ್ನನ್ನು ಶಾಲೆಗೆ ಅಟ್ಟಿದರು. ಹಾನಗಲ್ಲಿನ ಪೇಟೆಯಿಂದ ನಿಜವಾಗಿಯೂ ಒಂದು ಹೊಸ ಕಸಬರಿಗೆ ತಂದು ಕಪಾಟು, ಮಂಚ, ಅಡುಗೆ ಡಬ್ಬಿ ಎಲ್ಲವನ್ನೂ ಗುಡಿಸಿದ್ದರು. ಅದನ್ನು ಅವರು ಫೆಂಗ್ ಶುಯಿಗಾಗಿ ಮಾಡಿದರೋ ಧೂಳು ಹೋಗಲಿ ಎಂದು ಮಾಡಿದರೋ ನಾನು ಕೇಳಲಿಲ್ಲ. ಟೆಂಪೊದಲ್ಲಿ ಸಾಮಾನು ಹೋಯಿತು, ಅದರ ಹಿಂದೆ ಬಸ್ಸಿನಲ್ಲಿ ಅತ್ತೆ ಹೋದರು. ನನ್ನದೆಂದು ಹಾನಗಲ್ಲಿನ ಮನೆಯಲ್ಲಿ ಉಳಿದದ್ದು ಒಂದು ಹಾಸಿಗೆ, ಒಂದು ತಾಟು, ಒಂದು ಬ್ಯಾಗು. ಮೂರು ದಿನ ಗಂಡ ನನ್ನ ಜೊತೆ ಇದ್ದರು. ಆ ಮೂರು ದಿನ ಅತ್ತೆ ಸವಣೂರಿನ ಮನೆಯಲ್ಲಿ ಒಬ್ಬರೇ ಇದ್ದು, ಅಡುಗೆ ಮಾಡಿ, ಉಂಡು, ಮಲಗಿ ಎದ್ದು, ಆ ಮನೆಯನ್ನು ತಮ್ಮದು ಮಾಡಿಕೊಂಡರು.

ನಾನು ಹೋದದ್ದು ಒಂದು ಮಧ್ಯಾಹ್ನ. ಬಂಕಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದೆವು. ಅತ್ತೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಖಾಲಾ. ಯಾವತ್ತೂ ಏಕವಚನದಲ್ಲೇ ಮಾತಾಡಿಸುವ ಅತ್ತೆ ಅವತ್ತು, "ಬರ್ರಿ, ಕಾಲಿಗೆ ನೀರ ತಗೋರಿ. ನಮ್ಮ ಮನಿಗೆ ಬಂದ್ರಲ್ಲ, ಭಾಳ ಸಂತೋಷ ಆತು," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅತ್ತೆ ಮಾತ್ರ ನಿಜವಾದ ಅತಿಥಿಯನ್ನು ಕರೆದುಕೊಳ್ಳುವ ಹಾಗೆ ಒಳಗೆ ಕರೆದು, ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟರು.

ಒಳಗೆ ನೋಡಿದರೆ ಗೋಡೆಗೆ ಒಂದೂ ಮೊಳೆಯಿಲ್ಲ. ದೇವರ ಪಟಗಳು ಗೋಡೆಗೆ ಒರಗಿ ನಿಂತಿದ್ದವು. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಿಂದ ನೇತಾಡುತ್ತಿತ್ತು. ಕಂಬ ಹತ್ತುವ ನನ್ನ ಗಂಡನಿಗೆ ಹೆರಿಗೆಯಾಗುವ ತನಕ ಮನೆಯಲ್ಲಿ ಸುತ್ತಿಗೆ ಮುಟ್ಟಲು ಪರವಾನಗಿ ಇರಲಿಲ್ಲ.

ಒಂದು ತಿಂಗಳು ಸುಖವಾಗಿ ಹೋಯಿತು. ಸಂಜೆ ಹತ್ತಿಮತ್ತೂರಿನಿಂದ ಬರುವ ಹೊತ್ತಿಗೆ ಅತ್ತೆ ಮತ್ತು ಖಾಲಾ ಹಿತ್ತಲ ಕಟ್ಟೆಯ ಮೇಲೆ ಎದುರುಬದುರು ಕೂತು ಕೂಸಿಗಾಗಿ ಕೌದಿ ಹೊಲಿಯುತ್ತಿರುತ್ತಿದ್ದರು. ಅತ್ತೆಯ ಹಳೆಯ ಇಳಕಲ್ ಸೀರೆಯ ತುಂಡು, ಖಾಲಾ ಅವರ ಹಸಿರು ಓಢಣಿಯ ತುಂಡು, ನನ್ನ ಕಾಲೇಜಿನ ದಿನದ ಚೂಡಿದಾರದ ತುಂಡು. ಹೊಲಿಗೆ ನೇರ ಬಂದಿಲ್ಲವೆಂದು ಒಬ್ಬರದನ್ನೊಬ್ಬರು ಬಿಚ್ಚಿಸುತ್ತಿದ್ದರು.

ಎಂಟನೆಯ ತಿಂಗಳಲ್ಲಿ ಒಂದು ದಿನ ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತಿದ್ದಾಗ ಕಣ್ಣ ಮುಂದೆ ಮಿಂಚು ಹೊಡೆದಂತಾಯಿತು. ತಲೆ ಸಿಡಿಯುತ್ತಿತ್ತು. ಕಾಲಿನ ಬಾವು ಹೆಚ್ಚಾಗಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಜೊತೆಯ ಶಿಕ್ಷಕಿ ಗಾಡಿ ಮಾಡಿ ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತದೊತ್ತಡ ಏರಿತ್ತು. ಲೇಡಿ ಡಾಕ್ಟರು ನನ್ನನ್ನು ದಾಖಲು ಮಾಡಿಕೊಂಡು, ಕೂಸಿನ ಎದೆಬಡಿತ ಸದ್ಯ ಸರಿಯಾಗಿದೆ, ಆದರೆ ಕೆಲವು ದಿನ ನೋಡಬೇಕು ಎಂದರು. ಎಡ ಮಗ್ಗುಲಿಗೆ ಮಲಗಿಕೊಂಡು ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒದೆತ ಎಣಿಸುತ್ತಿದ್ದೆ.

ವಿಜ್ಞಾನ ಹೇಳುವವಳು ನಾನು ಎಂದೆನಲ್ಲ. ಹಾಗೆ ಮಲಗಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ರಕ್ತದೊತ್ತಡವಲ್ಲ. ಆ ವಿಡಿಯೋದ ಹೆಂಗಸಿನ ದನಿ. ಕೂಸಿನ ಜೀವ ಹಾನಗಲ್ಲಿನ ಮನೆಯ ಬಾಗಿಲಲ್ಲೋ ಒಲೆಯ ಹತ್ತಿರವೋ ಉಳಿದುಬಿಟ್ಟಿದ್ದರೆ? ಗಂಡನ ಜೊತೆ ಇರಬೇಕೆಂಬ ಆಸೆಗೆ ನಾನು ತಾನೇ ವರ್ಗ ಕೇಳಿ ಹಾಕಿಸಿಕೊಂಡದ್ದು? ಇದನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಇಲ್ಲ. ನಾಚಿಕೆಯಾಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಅತ್ತೆ ನನ್ನ ಹಾಸಿಗೆಯ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದಾಗ ನಾದಿನಿಯ ಫೋನು ಬಂತು. ಅತ್ತೆಯ ಕೈ ಹಸಿಯಾಗಿತ್ತು, ಸ್ಪೀಕರ್ ಒತ್ತಿ ಹಾಸಿಗೆಯ ಮೇಲೆ ಇಟ್ಟರು. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡಿರಬೇಕು.

"ಅವ್ವಾ, ನಾ ಏನ ಹೇಳಿದ್ದೆ? ಈ ಟೈಮಿನ್ಯಾಗ ಮನಿ ಬದಲಿ ಬ್ಯಾಡ್ರಿ ಅಂತ ಎಷ್ಟ ಬಡಕೊಂಡೆ. ವೈನಿ ಕೇಳಲೇ ಇಲ್ಲ. ಈಗ ನೋಡು..."

ಅತ್ತೆ ಮೋಸಂಬಿಯನ್ನು ಕೆಳಗಿಟ್ಟರು. ಅವರು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಮನಿ ಬದಲಿ ಮಾಡಿದ್ದು ನಿಮ್ಮ ವೈನಿ ಅಲ್ಲ. ನಾನು. ಕಾಗದದಾಗ ಸಹಿ ನಂದೈತಿ. ಹಾಲ ಉಕ್ಕಿಸಿದ್ದು ನಾನು. ಏನರ ಹೆಚ್ಚು ಕಡಿಮಿ ಆದ್ರ ಅದು ನನ್ನ ತಲಿಮ್ಯಾಲಿಂದು. ಆಕಿ ಹೆಸರ ಇನ್ನೊಮ್ಮಿ ತಗೀಬ್ಯಾಡ, ಹೇಳಿರ್ತೇನಿ."

ಫೋನು ಕಟ್ ಆಯಿತು. ನಾನು ಕಣ್ಣು ತೆರೆದು ನೋಡುತ್ತಿದ್ದೆ. ಅತ್ತೆ ಮೋಸಂಬಿಯ ತೊಳೆಯೊಂದನ್ನು ನನ್ನ ಬಾಯಿಗಿಟ್ಟರು. ಬೀಜ ತೆಗೆದಿತ್ತು.

"ಅತ್ತಿ, ಇದಕ್ಕೇನ್ರಿ ನೀವು ನಿಮ್ಮ ಹೆಸರಲೆ ಮನಿ ಹಿಡಿಸಿದ್ದು?" ಎಂದು ಕೇಳಿದೆ.

ಅವರು ಇನ್ನೊಂದು ತೊಳೆಯ ಬೀಜ ತೆಗೆದರು. ಎದುರಿನ ಹಾಸಿಗೆಯವರು ಹೊರಗೆ ಹೋದ ಮೇಲೆ ಹೇಳತೊಡಗಿದರು.

"ನಿನ್ನ ಗಂಡ ಹುಟ್ಟೂಕಿಂತ ಮೊದಲಿನ ಮಾತಿದು. ನಮ್ಮದು ದೊಡ್ಡ ಮನಿ ಇತ್ತು. ಅಣ್ಣ ತಮ್ಮರು ಬ್ಯಾರೆ ಆದ್ರು. ಮೂರ ಓಣಿ ಆಚೆ ಒಂದ ಮನಿ ನಮ್ಮ ಪಾಲಿಗೆ ಬಂತು. ನನಗ ಆವಾಗ ಐದ ತಿಂಗಳು. ದಿನಾಪೂರ್ತಿ ಸಾಮಾನ ಹೊತ್ತೆ. ಬೀಸೂ ಕಲ್ಲ ಸೈತ ಹೊತ್ತೆ. ಎತ್ತಬ್ಯಾಡ ಅಂತ ಒಬ್ಬರೂ ಅನಲಿಲ್ಲ. ಎಂಟ ದಿನಕ್ಕ ಕೂಸು ಹೋತು."

ನಾನು ಅವರ ಕೈ ಹಿಡಿದುಕೊಂಡೆ.

"ಹೋದಮ್ಯಾಲೆ ಎಲ್ಲಾರಿಗೂ ಶಾಸ್ತ್ರ ನೆನಪಾತು ನೋಡು. ಬಸರಿದ್ದಾಕಿ ಹೊಸಾ ಮನಿ ಹೊಕ್ಕಳು, ಕೂಸಿನ ನುಂಗಿದ್ಳು ಅಂದ್ರು. ನಿಮ್ಮ ಮಾವನೂ ಅಂದ. ಬ್ಯಾರೆ ಆಗ್ರಿ ಅಂತ ನಾ ಏನ ಹೇಳಿದ್ನೇನು? ನಿನ್ನ ಗಂಡ ಹುಟ್ಟೂತನಕ ಅಂದ್ರು. ಹುಟ್ಟಿದಮ್ಯಾಲೂ ಸಿಟ್ಟ ಬಂದಾಗ ಅಂತಿದ್ರು."

"ನೀವು ನಂಬತೀರೇನ್ರಿ ಅತ್ತಿ? ಮನಿ ಬದಲಿ ಮಾಡಿದ್ದಕ್ಕ ಹೋತು ಅಂತ?"

"ಗೊತ್ತಿಲ್ಲವಾ. ಕಲ್ಲ ಹೊತ್ತದ್ದಕ್ಕ ಹೋತೋ, ಮನಿ ಬದಲಿ ಮಾಡಿದ್ದಕ್ಕ ಹೋತೋ, ಅದರ ಹಣೇಬಾರನ ಹಂಗಿತ್ತೋ. ನಾ ಶಾಲಿ ಕಲ್ತಾಕಿ ಅಲ್ಲ. ಆದ್ರ ಮಂದಿ ಅಂದದ್ದು ಹ್ಯಾಂಗಿರತೈತಿ ಅನ್ನೂದು ನನಗ ಗೊತ್ತೈತಿ. ಅದು ನಿನ್ನ ಕಿವಿಗೆ ಬೀಳಬಾರದು ಅನಸ್ತು. ಆಗೂದು ಬಿಡೂದು ನನ್ನ ಕೈಯಾಗಿಲ್ಲ. ಅನ್ನೂ ಮಾತ ನನ್ನ ಮ್ಯಾಲ ಹಾಕ್ಕೊಳ್ಳೂದಷ್ಟು ನನ್ನ ಕೈಯಾಗಿತ್ತು."

ನಾನು ಆಗ ಅತ್ತುಬಿಟ್ಟೆ. ಎರಡು ದಿನ ತಲೆಯಲ್ಲಿ ಓಡುತ್ತಿದ್ದದ್ದನ್ನೆಲ್ಲ ಅವರ ಮುಂದೆ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ನೀ ಎಲ್ಲಿ ಬದಲಿ ಮಾಡಿದಿ? ನಾ ಮಾಡಿದ್ದು," ಎಂದು ಮತ್ತೆ ಅದನ್ನೇ ಹೇಳಿದರು. ಲೆಕ್ಕದ ತಪ್ಪು ತಿದ್ದುವ ಹಾಗೆ, ಅಷ್ಟು ನಿಶ್ಚಿತವಾಗಿ. ವಿಜ್ಞಾನದ ಯಾವ ಪುಸ್ತಕವೂ ಆ ಎರಡು ದಿನ ನನಗೆ ಕೊಡದಿದ್ದ ನೆಮ್ಮದಿಯನ್ನು ಆ ಮಾತು ಕೊಟ್ಟಿತು ಎಂದು ಒಪ್ಪಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ. ಔಷಧ ರಕ್ತದೊತ್ತಡ ಇಳಿಸಿತು, ಅದೂ ನಿಜ. ಐದನೆಯ ದಿನ ಮನೆಗೆ ಬಂದೆ. ಖಾಲಾ ಬಾಗಿಲಲ್ಲೇ ನನ್ನ ತಲೆಯ ಮೇಲೆ ಕೈಯಿಟ್ಟು ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿ, ಮೆಲ್ಲಗೆ ಊದಿದರು. ಅಂದಿನಿಂದ ನನ್ನ ಅಡುಗೆಗೆ ಉಪ್ಪು ಎಷ್ಟು ಬೀಳುತ್ತದೆ ಎಂಬುದರ ಮೇಲೆ ಇಬ್ಬರು ಹಿರಿಯರ ಕಣ್ಣಿತ್ತು.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಬಾಯಿ ಮಾತ್ರ ದೊಡ್ಡದು.

ತೊಟ್ಟಿಲಿಗೆ ಹಾಕುವ ದಿನ ನಾದಿನಿ ಬಂದಳು. ಆಸ್ಪತ್ರೆಯ ಆ ಫೋನಿನ ನಂತರ ತಾಯಿ ಮಗಳು ಮಾತಾಡಿರಲಿಲ್ಲ. ಕೂಸಿಗೆ ಬೆಳ್ಳಿಯ ಕಾಲ್ಗಡಗ ತಂದಿದ್ದಳು, ಆದರೆ ಅಡುಗೆಮನೆಯ ಬಾಗಿಲು ದಾಟಿ ತಾಯಿಯ ಹತ್ತಿರ ಹೋಗಲಿಲ್ಲ. ಅತ್ತೆಯೂ ಕರೆಯಲಿಲ್ಲ. ನಾನು ಅವಳ ಮೇಲೆ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡೇ ಇದ್ದೆ. ಬಂದವರೆಲ್ಲ ಉಂಡು ಹೋದ ಮೇಲೆ ಅವಳು ಕೂಸನ್ನು ಮಡಿಲಿಗೆ ಹಾಕಿಕೊಂಡು ನನ್ನ ಪಕ್ಕ ಕೂತಳು.

"ವೈನಿ, ನಿಮಗ ಕೇಡ ಬಯಸಿ ನಾ ಹಂಗ ಅಂದಿಲ್ಲರಿ," ಎಂದಳು. "ನನಗ ಎರಡ ಸಲ ಹೋತಲ್ರಿ. ಡಾಕ್ಟರು ಕಾರಣ ಗೊತ್ತಿಲ್ಲ ಅಂದ್ರು. ಕಾರಣನ ಇಲ್ಲ ಅಂದ್ರ ಹ್ಯಾಂಗ ಇರೂದ್ರಿ? ಫೋನಿನ್ಯಾಗ ಹುಡುಕೋಂತ ಕುಂತೆ. ಎರಡನೇದ್ದು ಹೋಗೂ ಮುಂದ ನಾವು ಅಂಗಡಿ ಮ್ಯಾಲಿನ ಮನಿಗೆ ಬಂದು ಒಂದ ತಿಂಗಳ ಆಗಿತ್ತು. ಮಂಚ ನಾನ ನಿಂತು ಸರಸಿದ್ದೆ. ನನ್ನ ಕೈಯಾರೆ ನಾನ ಕಳಕೊಂಡೆ ಅನಸಿಬಿಡ್ತು. ನಿಮಗ ಹಂಗ ಆಗಬಾರದು ಅಂತ..."

ಅವಳಿಗೆ ಎರಡು ಸಲ ಬಸಿರು ಹೋಗಿದ್ದು ನಮಗೆಲ್ಲ ಗೊತ್ತಿತ್ತು. ಆ ವಿಡಿಯೋಗಳಿಗೂ ಅದಕ್ಕೂ ನಂಟಿದೆಯೆಂದು ಮಾತ್ರ ನಾನಾಗಲಿ ಅತ್ತೆಯಾಗಲಿ ಯೋಚಿಸಿರಲಿಲ್ಲ.

ಅತ್ತೆ ಅಡುಗೆಮನೆಯಿಂದ ಬಂದು ನಮ್ಮ ಎದುರಿಗೆ ನಿಂತಿದ್ದರು. ಕೈಯಲ್ಲಿ ಒರೆಸುತ್ತಿದ್ದ ಪಾತ್ರೆ ಹಾಗೇ ಇತ್ತು.

"ಹಂಗಂತ ಯಾರಂದ್ರು ನಿನಗ?"

"ಯಾರೂ ಅನಲಿಲ್ಲವ್ವಾ. ನಾನ ಅನಕೊಂಡೆ."

ಅತ್ತೆ ಅಲ್ಲೇ ನೆಲದ ಮೇಲೆ ಕೂತರು. ಆಸ್ಪತ್ರೆಯಲ್ಲಿ ತಮ್ಮ ಕೂಸಿನ ಮಾತು ಹೇಳುವಾಗಲೂ ಅಳದ ಹೆಂಗಸು ಈಗ ಅತ್ತರು. "ನನ್ನ ಮುಂದ ಹೇಳಬಾರದಾಗಿತ್ತೇನ? ನಾ ಇರಲಿಲ್ಲೇನ?" ಎಂದು ಮಗಳ ಮಂಡಿಯನ್ನು ಅಲುಗಾಡಿಸಿ ಕೇಳಿದರು. ಆಮೇಲೆ, ನನಗೆ ಆಸ್ಪತ್ರೆಯಲ್ಲಿ ಹೇಳಿದ್ದನ್ನೆಲ್ಲ ಮಗಳಿಗೂ ಹೇಳಿದರು. ಬೀಸುವ ಕಲ್ಲು, ಮೂರು ಓಣಿ, ಎಂಟು ದಿನ. ಹೊಟ್ಟೆಯ ಮಗಳಿಗೆ ಅದನ್ನು ಅಷ್ಟು ವರ್ಷ ಹೇಳಿರಲೇ ಇಲ್ಲ. ಕೂಸು ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು. ನಾನು ಎತ್ತಿಕೊಳ್ಳಲು ಹೋದರೆ ನಾದಿನಿ ತಲೆಯಾಡಿಸಿ ಬೇಡವೆಂದಳು.

ನನ್ನ ಬಾಣಂತನಕ್ಕೆ ಮೂರು ತಿಂಗಳು ತುಂಬಿದ ಮೇಲೆ ಅತ್ತೆ ಟ್ರಂಕು ಕಟ್ಟಿದರು. ಹಿರೇಬೆಂಡಿಗೇರಿಗೆ ಹೋಗುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. "ಅಲ್ಲೇನ ಐತಿ? ಹೊಲ ಮಂದಿಗೆ ಕೋರಿಗೆ ಕೊಟ್ಟೇನಿ, ಅವರ ಬಿತ್ತಿ ಬೆಳೀತಾರ. ಹುಬ್ಬಳ್ಳಿಗೆ ಹೋಗ್ತೇನಿ, ಆಕಿ ಹಂತ್ಯಾಕ ಒಂದ ನಾಕ ತಿಂಗಳ ಇರ್ತೇನಿ," ಎಂದರು. ಖಾಲಾ ಅವರಿಗೆ ದಾರಿಗೆಂದು ಒಂದು ಕಟ್ಟು ಎಳೆ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಾನು ಕೂಸನ್ನು ಎತ್ತಿಕೊಂಡು ಸವಣೂರಿನ ಬಸ್ ನಿಲ್ದಾಣದ ತನಕ ಹೋದೆ. ಕರೆದುಕೊಂಡು ಹೋಗಲು ನಾದಿನಿಯೇ ಬಂದಿದ್ದಳು. ಇಬ್ಬರೂ ಟ್ರಂಕಿನ ಒಂದೊಂದು ಹಿಡಿಕೆ ಹಿಡಿದು ಬಸ್ಸು ಹತ್ತಿದರು. ಕಿಟಕಿಯ ಪಕ್ಕದ ಸೀಟಿಗೆ ಮಗಳನ್ನು ಕೂರಿಸಿ, ಅತ್ತೆ ಈಚೆ ಬದಿಗೆ ಕೂತು ಅವಳ ಕಡೆ ತಿರುಗಿ ಆಗಲೇ ಏನೋ ಹೇಳತೊಡಗಿದ್ದರು.